ಬದುವಿನ ಮೇಲೊಂದು ತಂಗಡಿ ಸಾಲು



ಹಿತ್ತಲಿನ ಬದನೆ ಗಿಡ ತುಂಬ ಹೂ ಬಿಟ್ಟರೂ ಕಾಯಿ ಕಡಿಮೆ ಕಟ್ಟುತ್ತಿದೆಯೇ? ಸೂರ್ಯಕಾಂತಿ ತೆನೆಯಲ್ಲಿ ಜೊಳ್ಳು ಹೆಚ್ಚಾಗಿದೆಯೇ? ನೀರು, ಗೊಬ್ಬರ ಸರಿಯಿದ್ದರೆ, ಜೇನು ಮತ್ತು ದುಂಬಿಗಳ ಕೊರತೆಯೂ ಕಾರಣವಾಗಿರಬಹುದು. ಬದುವಿನ ಗಿಡಗಂಟಿಗಳನ್ನೆಲ್ಲ ಸವರಿಬಿಟ್ಟರೆ, ಬೆಳೆ ಹೂ ಬಿಡದ ತಿಂಗಳುಗಳಲ್ಲಿ ಅವುಗಳಿಗೆ ಆಹಾರ ಸಿಗುವುದಿಲ್ಲ.

ಇದಕ್ಕೆ ನಮ್ಮ ನೆಲದ್ದೇ ಗಿಡ ತಂಗಡಿ. ಆವರಿಕೆ ಎಂದೂ ಕರೆಯುತ್ತಾರೆ. ಬಯಲುಸೀಮೆಯ ಗರಸು ನೆಲದಲ್ಲಿ, ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದೆ. ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಬೇಲಿ ಬೇಡ.

ಬದನೆಗೂ ತಂಗಡಿಗೂ ಒಂದು ನಂಟಿದೆ. ಎರಡರ ಪರಾಗವೂ ಸಣ್ಣ ಚೀಲದಂಥ ಕೇಸರದೊಳಗೆ ಇರುತ್ತದೆ. ಮರ ಕೊರೆಯುವ ಕಪ್ಪು ದುಂಬಿ ಹೂವನ್ನು ಹಿಡಿದು ಝೇಂಕರಿಸಿ ಅದುರಿಸಿದಾಗ, ತುದಿಯ ರಂಧ್ರದಿಂದ ಪರಾಗ ಉದುರುತ್ತದೆ. ತಂಗಡಿಗೆ ಬರುವ ದುಂಬಿ ಪಕ್ಕದ ಬದನೆ, ಟೊಮೆಟೊಗೂ ಹೋಗುತ್ತದೆ. ತಂಗಡಿ ಹೂವಿನಲ್ಲಿ ಮಕರಂದವಿಲ್ಲ. ಅದಕ್ಕಾಗಿ ಜೊತೆಗೆ ತುಳಸಿ ಹಚ್ಚಿ.

ಬೆಳೆಸುವುದು ಹೀಗೆ:

• ಒಣಗಿದ ಕಾಯಿಯಿಂದ ಬೀಜ ತೆಗೆದಿಡಿ. ಸಿಪ್ಪೆ ಗಟ್ಟಿ, ಬಿತ್ತುವ ಹಿಂದಿನ ರಾತ್ರಿ ಬಿಸಿನೀರು ಸುರಿದು ನೆನೆಸಿ.
• ಮುಂಗಾರು ಮಳೆ ಹಿಡಿದಾಗ ಅರ್ಧ ಇಂಚು ಆಳದಲ್ಲಿ, 3 ಅಡಿಗೆ ಒಂದರಂತೆ ಹಾಕಿ. ರೋಣ, ನರಗುಂದದ ಎರೆ ಭೂಮಿಯಲ್ಲಿ ನೀರು ನಿಲ್ಲದ ಬದುವಿನ ಮೇಲ್ಭಾಗವೇ ಸರಿ.
• ಮೊದಲ ವರ್ಷ ಕಳೆ ತೆಗೆಯಿರಿ. ಬೇರೂರಿದ ಮೇಲೆ ನೀರು ಬೇಕಿಲ್ಲ.
• ಪ್ರತಿ ಬೇಸಿಗೆಯ ಕೊನೆಗೆ ಸವರಿ, 3 ಅಡಿ ಎತ್ತರದಲ್ಲಿ ಒತ್ತಾಗಿ ಇಡಿ. ಸವರಿದ ಸೊಪ್ಪನ್ನು ಮೇವಿಗೆ ಸೇರಿಸಬೇಡಿ, ತಿಪ್ಪೆಗೆ ಹಾಕಿ.

ಒಂದು ಎಚ್ಚರಿಕೆ. ಚಿಟ್ಟೆ ಬರುತ್ತವೆಂದು ಲಂಟಾನ ಗಿಡವನ್ನು ಕೊಟ್ಟಿಗೆಯ ಹತ್ತಿರ ಹಚ್ಚಬೇಡಿ. ಅದು ಹೊರದೇಶದ ಗಿಡ, ದನಗಳಿಗೆ ವಿಷ. ಹಸಿರು ಮೇವಿಲ್ಲದಾಗ ತಿಂದ ಆಕಳಿಗೆ ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಸುಟ್ಟು ಬಿರಿಯುತ್ತದೆ, ಹಾಲು ಇಳಿಯುತ್ತದೆ. ಹೀಗೆ ಕಂಡರೆ ಆಕಳನ್ನು ನೆರಳಿಗೆ ಕಟ್ಟಿ, ತಕ್ಷಣ ಪಶುವೈದ್ಯರನ್ನು ಕರೆಯಿರಿ. ಕಣಗಿಲೆಯೂ ವಿಷವೇ, ಕೆಲವೇ ಎಲೆ ತಿಂದರೂ ಜೀವಕ್ಕೆ ಅಪಾಯ.

ಬೆಳೆ ಹೂವಿನಲ್ಲಿರುವಾಗ ಔಷಧಿ ಹೊಡೆಯದಿರುವುದೇ ಒಳ್ಳೆಯದು. ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಔಷಧಿ ಬಿದ್ದ ಬದುವಿನ ಹುಲ್ಲನ್ನು ಆಕಳಿಗೆ ಕೊಯ್ದು ಹಾಕಬೇಡಿ.

ಈ ಮುಂಗಾರಿಗೆ ಒಂದೇ ಬದುವಿನಲ್ಲಿ ಹತ್ತು ಬೀಜ ಹಾಕಿ ನೋಡಿ.