ಗುಡುಗಿಗೆ ಏಳುವ ಕಪ್ಪೆ

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಜುಲೈ ತಿಂಗಳ ಹೊತ್ತಿಗೆ ಮೊದಲ ಜೋರು ಮಳೆ ಸುರಿಯುತ್ತದೆ. ನಿನ್ನೆಯವರೆಗೆ ಒಂದು ಕಪ್ಪೆಯೂ ಕಾಣದಿದ್ದ ಬಯಲಿನ ಗುಂಡಿಗಳಲ್ಲಿ ಅದೇ ರಾತ್ರಿ ಕುರಿ ಅರಚಿದಂಥ ಕೂಗು ಏಳುತ್ತದೆ. ಮಳೆಯ ಜೊತೆಗೇ ಕಪ್ಪೆಗಳು ಆಕಾಶದಿಂದ ಉದುರುತ್ತವೆ ಎಂದು ನಮ್ಮ ಹಳ್ಳಿಗಳಲ್ಲೂ ಹೇಳುವವರಿದ್ದಾರೆ. ಇಂಥ ರಾತ್ರಿಯನ್ನು ಕಂಡವರಿಗೆ ಹಾಗೆನಿಸುವುದು ಸಹಜ. ವಾಸ್ತವದಲ್ಲಿ ಆ ಸ್ಪೇಡ್‌ಫೂಟ್ ಕಪ್ಪೆಗಳು ವರ್ಷದ ಎಂಟು ಹತ್ತು ತಿಂಗಳು ಅದೇ ಬಯಲಿನ ಮಣ್ಣೊಳಗೇ ಇದ್ದವು.

ಮಣ್ಣಿನಿಂದ ಬಂದವು ಎಂದು ಒಪ್ಪುವವರಲ್ಲೂ ಇನ್ನೊಂದು ತಪ್ಪು ಕಲ್ಪನೆ ಉಳಿದಿರುತ್ತದೆ: ಮಳೆನೀರು ಇಂಗಿ ಮೈಗೆ ತಾಗಿದಾಗ ಕಪ್ಪೆಗೆ ಎಚ್ಚರವಾಗುತ್ತದೆ ಎಂಬುದು. ಕೇಳಲು ಸರಿಯೆನಿಸುತ್ತದೆ, ಆದರೆ ನಿಜ ಹಾಗಿಲ್ಲ. ಮಾರ್ಕ್ ಡಿಮಿಟ್ ಮತ್ತು ರೊಡಾಲ್ಫೊ ರೂಯಿಬಾಲ್ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯುತ್ ಮೋಟಾರಿನಿಂದ ನೆಲವನ್ನು ನಡುಗಿಸಿ ನೋಡಿದರು. ಮಣ್ಣು ಒಣಗಿಯೇ ಇತ್ತು. ಕಪ್ಪೆಗಳು ಎದ್ದು ಹೊರಬಂದವು. ಅವುಗಳಿಗೆ ಕರೆ ಮುಟ್ಟಿಸುವುದು ಗುಡುಗು ಮತ್ತು ಬಿರುಮಳೆ ನೆಲದಲ್ಲಿ ಎಬ್ಬಿಸುವ ಮಂದ್ರ ಕಂಪನ. ಮಳೆ ಇಂಗುವವರೆಗೆ ಕಾದರೆ ಗುಂಡಿಯಲ್ಲಿ ನೀರಿರುವ ಕೆಲವೇ ದಿನಗಳಲ್ಲಿ ಒಂದಷ್ಟು ಕೈತಪ್ಪಿ ಹೋದಂತೆ. ಈ ಜಾಣತನವೇ ಅವುಗಳಿಗೆ ಅಪಾಯವೂ ಹೌದು. ಮರುಭೂಮಿಯಲ್ಲಿ ಮೋಜಿಗೆ ಓಡಿಸುವ ಮೋಟಾರು ವಾಹನಗಳ ಸದ್ದನ್ನೂ ಅವು ಗುಡುಗೆಂದು ನಂಬಿ, ಹನಿ ನೀರಿಲ್ಲದ ನೆಲದ ಮೇಲೆ ಬಂದುಬಿಡಬಹುದು. ಈ ಕಪ್ಪೆಯ ಬಗ್ಗೆ ಬೇರೇನೂ ನೆನಪಿಡದಿದ್ದರೂ, ಅದನ್ನು ಎಬ್ಬಿಸುವುದು ನೀರಲ್ಲ, ಕಂಪನ ಎಂಬುದೊಂದನ್ನು ನೆನಪಿಡಬೇಕು ಎನ್ನುತ್ತೇನೆ.

ಹಿಂಗಾಲಿನ ಅಡಿಯನ್ನು ಹತ್ತಿರದಿಂದ ನೋಡಿದರೆ, ಒಳಅಂಚಿನಲ್ಲಿ ಕಪ್ಪಗೆ ಗಟ್ಟಿಯಾದ ಒಂದು ಅಲಗು ಕಾಣುತ್ತದೆ. ಅದೇ ಇದರ ಸನಿಕೆ. ಮುಂದಕ್ಕೆ ತೋಡಿಕೊಂಡು ಹೋಗುವ ಪ್ರಾಣಿಯಲ್ಲ ಇದು. ಕುಳಿತಲ್ಲೇ ಹಿಂಗಾಲುಗಳಿಂದ ಮಣ್ಣನ್ನು ಅತ್ತಿತ್ತ ಸರಿಸುತ್ತಾ ಹಿಂಭಾಗದಿಂದ ಇಳಿಯುತ್ತದೆ. ಕೊನೆಗೆ ಕಣ್ಣುಗಳೂ ಮುಳುಗಿ ಮೇಲಿನ ಮಣ್ಣು ಕುಸಿದು ಮುಚ್ಚಿಕೊಳ್ಳುತ್ತದೆ. ಒಳಗೆ ಅದು ಸತ್ತಂತೆ ಒಣಗಿ ಮಳೆಗೆ ಮರುಹುಟ್ಟು ಪಡೆಯುತ್ತದೆ ಎಂಬ ಮಾತೂ ಇದೆ. ಆದರೆ ಜೀವ ಎಂದೂ ನಿಂತಿರುವುದಿಲ್ಲ. ಮೂತ್ರಕೋಶದಲ್ಲಿ ನೀರಿನ ದಾಸ್ತಾನು ಇರುತ್ತದೆ, ಉಸಿರಾಟ ತೀರಾ ಮಂದವಾಗಿರುತ್ತದೆ. ಮಣ್ಣು ಒಣಗುತ್ತಾ ಬಂದಂತೆ ದೇಹದ್ರವದಲ್ಲಿ ಯೂರಿಯಾ ಶೇಖರವಾಗುತ್ತದೆ. ಅದರ ಸಾಂದ್ರತೆ ಹೆಚ್ಚಿರುವುದರಿಂದ ಮೈಯೊಳಗಿನ ನೀರು ಮಣ್ಣಿಗೆ ಸುಲಭವಾಗಿ ಹೋಗುವುದಿಲ್ಲ. ಇನ್ನು ಆಹಾರಕ್ಕೆ, ಮಳೆಗೆ ರೆಕ್ಕೆ ಬಂದು ಹಾರುವ ಗೆದ್ದಲುಗಳಿವೆ. ಒಂದು ರಾತ್ರಿಯಲ್ಲಿ ತನ್ನ ತೂಕದ ಅರ್ಧದಷ್ಟನ್ನು ತಿನ್ನಬಲ್ಲ ಈ ಕಪ್ಪೆಗೆ ಅಂಥ ಒಂದೆರಡು ಊಟ ವರ್ಷಕ್ಕೆ ಸಾಕು.

ಮರಿಗಳ ಅವಸರ ಇನ್ನೂ ಹೆಚ್ಚಿನದು. ಅರಿಜೋನಾದ ಸ್ಕಾಫಿಯೋಪಸ್ ಕೌಚಿ ಪ್ರಭೇದದಲ್ಲಿ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ, ಅನುಕೂಲವಿದ್ದರೆ ಎಂಟು ದಿನಗಳಲ್ಲೇ ಗೊದಮೊಟ್ಟೆ ಕಪ್ಪೆಮರಿಯಾಗುತ್ತದೆ. ಗೊದಮೊಟ್ಟೆಗಳೆಲ್ಲ ಪಾಚಿ ಮೇಯುವ ಸಾಧು ಜೀವಿಗಳು ಎಂದುಕೊಳ್ಳುವವರು ಇದರ ಹತ್ತಿರದ ಬಂಧು ಸ್ಪಿಯಾ ಕುಲವನ್ನು ನೋಡಬೇಕು. ಗುಂಡಿಯಲ್ಲಿ ಸಣ್ಣ ಸೀಗಡಿಗಳು ಹೇರಳವಾಗಿದ್ದರೆ ಅವನ್ನು ತಿಂದ ಕೆಲವು ಗೊದಮೊಟ್ಟೆಗಳ ದವಡೆ ಬಲಿತು ತಲೆ ದೊಡ್ಡದಾಗುತ್ತದೆ. ಆಮೇಲೆ ಅವು ಇತರ ಗೊದಮೊಟ್ಟೆಗಳನ್ನೂ ನುಂಗುತ್ತವೆ. ಆದರೂ ಒಡಹುಟ್ಟಿದವನ್ನು ಗುರುತಿಸಿ ಸಾಧ್ಯವಾದಷ್ಟು ಬಿಟ್ಟುಬಿಡುತ್ತವೆ.

ಈ ಕಪ್ಪೆಯನ್ನು ಮುಟ್ಟಿದರೆ ನರಹುಲಿ ಏಳುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ನರಹುಲಿ ವೈರಸ್‌ನಿಂದ ಬರುತ್ತದೆ. ನಮ್ಮ ಅಂಗಳದ ಗೋಂಕರುಕಪ್ಪೆಯ ಕುಟುಂಬಕ್ಕೂ ಇದು ಸೇರಿಲ್ಲ. ಚರ್ಮ ಅದಕ್ಕಿಂತ ನಯ, ಕಣ್ಣಿನ ಪಾಪೆ ಬೆಳಕಿನಲ್ಲಿ ಲಂಬವಾದ ಸೀಳಾಗುತ್ತದೆ. ಮೈಯ ಸ್ರಾವದಿಂದ ಕಣ್ಣು ಉರಿದು ಸೀನು ಬರಬಹುದು, ಮುಟ್ಟಿದವರು ಕೈ ತೊಳೆದುಕೊಂಡರಾಯಿತು.

ಮರುಭೂಮಿಯೇ ಇದರ ಮನೆ ಎಂಬುದೂ ಅರ್ಧಸತ್ಯ. ಉತ್ತರ ಅಮೆರಿಕದಲ್ಲಿ ಏಳು ಪ್ರಭೇದಗಳಿವೆ. ಫ್ಲೋರಿಡಾದಿಂದ ಮ್ಯಾಸಚೂಸೆಟ್ಸ್‌ವರೆಗಿನ ಹಸಿರು ಪೂರ್ವ ಭಾಗದಲ್ಲಿ ಒಂದು, ಕೆನಡಾದ ಹುಲ್ಲುಗಾವಲನ್ನು ಮುಟ್ಟುವ ಇನ್ನೊಂದು ಅವುಗಳಲ್ಲಿ ಸೇರಿವೆ. ಎಲ್ಲಕ್ಕೂ ಬೇಕಾದದ್ದು ತೋಡಲು ಬರುವ ಸಡಿಲ ಮಣ್ಣು, ಮತ್ತು ಮಳೆಗೆ ತುಂಬಿ ಆರುವ ಗುಂಡಿ.

ಭಾರತದಲ್ಲಿ ಸ್ಪೇಡ್‌ಫೂಟ್ ಇಲ್ಲ. ಆದರೆ ನಮ್ಮ ಸ್ಫೇರೋಥೆಕಾ ಕುಲದ ಬಿಲಗಪ್ಪೆಗಳ ಹಿಂಗಾಲಲ್ಲೂ ಅಂಥದೇ ಅಲಗಿದೆ. ಹತ್ತಿರದ ಸಂಬಂಧವಿಲ್ಲದ ಎರಡು ವಂಶಗಳು ಒಂದೇ ಕೆಲಸಕ್ಕೆ ಒಂದೇ ಬಗೆಯ ಸಲಕರಣೆಯನ್ನು ಬೇರೆಬೇರೆಯಾಗಿ ಪಡೆದಿವೆ. ಅಂಥ ಒಂದು ಹೊಸ ಪ್ರಭೇದಕ್ಕೆ 2020ರಲ್ಲಿ ಸ್ಫೇರೋಥೆಕಾ ಬೆಂಗಳೂರು ಎಂದು ಹೆಸರಾಯಿತು. ಸಿಕ್ಕಿದ್ದು ನಗರದ ಹೊರವಲಯದ ಪಾಳು ನೆಲದಲ್ಲಿ. ಬೇಸಿಗೆಯಲ್ಲಿ ಸಮೀಕ್ಷೆ ಮಾಡಿ ಇಲ್ಲೇನೂ ಇಲ್ಲ ಎಂದು ಬರೆದುಬಿಡುವುದು ಸುಲಭ. ಇಂಥ ಬಯಲಿಗೆ ಮೊದಲ ಮಳೆಯ ರಾತ್ರಿಯಲ್ಲಿ ಒಮ್ಮೆ ಟಾರ್ಚು ಹಿಡಿದು ಹೋಗಿ ನೋಡದೆ ಆ ಮಾತು ಬರೆಯಕೂಡದು.