ಗಡಿಯಾರವನ್ನು ಮುಂದಿಟ್ಟುಕೊಂಡು ಬರೆದವನು

ಸ್ಫೂರ್ತಿ ಬಂದಾಗ ಸಾಹಿತಿ ಬರೆಯುತ್ತಾನೆ, ಬಾರದಿದ್ದಾಗ ಸುಮ್ಮನಿರುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ನಮ್ಮ ಪ್ರಾಚೀನರು ಹಾಗೆ ನಂಬಿದ್ದಂತೆ ತೋರುವುದಿಲ್ಲ. ಮಮ್ಮಟನು ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಮೂರು ಬೇರೆಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣ ಎಂದು ಎಚ್ಚರಿಸುತ್ತಾನೆ. ಅವನಿಗಿಂತ ಹಿಂದಿನ ರಾಜಶೇಖರನಂತೂ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ಹಗಲನ್ನೇ ಜಾವಗಳಾಗಿ ಹಂಚಿಕೊಟ್ಟಿದ್ದಾನೆ: ಮೊದಲ ಜಾವ ವಿದ್ಯೆಗಳ ವ್ಯಾಸಂಗಕ್ಕೆ, ಎರಡನೆಯದು ರಚನೆಗೆ, ಊಟವಾದ ಬಳಿಕ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಿಗ್ಗೆ ರಚಿಸಿದ್ದರ ಪರೀಕ್ಷೆ. ರಸಾವೇಶದಲ್ಲಿ ಬರೆಯುವವನಿಗೆ ಆ ಹೊತ್ತಿನಲ್ಲಿ ವಿವೇಚನೆಯ ಕಣ್ಣಿರುವುದಿಲ್ಲ. ಆದುದರಿಂದ ಈ ಮರುಪರೀಕ್ಷೆ.

ಈ ದಿನಚರಿಯನ್ನು ಓದುವಾಗಲೆಲ್ಲ ನನಗೆ ನೆನಪಾಗುವವನು, ರಾಜಶೇಖರನ ಹೆಸರನ್ನೂ ಕೇಳಿರಲಾರದ ಒಬ್ಬ ಇಂಗ್ಲಿಷ್ ಕಾದಂಬರಿಕಾರ, ಆಂಟನಿ ಟ್ರಾಲಪ್. 1815ರಲ್ಲಿ ಹುಟ್ಟಿದ ಈತ ಮೂವತ್ತು ವರ್ಷಗಳಿಗೂ ಮಿಕ್ಕು ಅಂಚೆ ಇಲಾಖೆಯ ನೌಕರನಾಗಿದ್ದ. ಬರೆದ ಕಾದಂಬರಿಗಳು 47. ಪ್ರವಾಸಕಥನ, ಸಣ್ಣಕತೆ, ಜೀವನಚರಿತ್ರೆಗಳು ಬೇರೆ.

ನಿಯಮನಿಷ್ಠೆ ಅವನ ಹುಟ್ಟುಗುಣವಾಗಿತ್ತೆಂದು ಭಾವಿಸಬೇಡಿ. ಲಂಡನ್ನಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಹೊತ್ತಿಗೆ ಸರಿಯಾಗಿ ಬಾರದವನೆಂದು, ಸಾಲಗಾರನೆಂದು ಅವನು ಹೆಸರು ಕೆಡಿಸಿಕೊಂಡಿದ್ದ. ಆದರೆ ಮನೆಯಲ್ಲಿಯೇ ಅವನು ಒಂದು ಮಾದರಿಯನ್ನು ಕಂಡಿದ್ದ. ತಾಯಿ ಫ್ರಾನ್ಸೆಸ್ ಟ್ರಾಲಪ್ ಐವತ್ತು ದಾಟಿದ ಮೇಲೆ ಬರೆಹಗಾರ್ತಿಯಾದವಳು. ಕುಟುಂಬವು ಸಾಲಕ್ಕೆ ಅಂಜಿ ಬೆಲ್ಜಿಯಮ್ಮಿನ ಬ್ರೂಜ್ ನಗರದಲ್ಲಿ ಬಂದು ನೆಲೆಸಿದ್ದಾಗ, ಸಾಯುತ್ತಿದ್ದ ಮಗನ ಮತ್ತು ಗಂಡನ ಶುಶ್ರೂಷೆ ಮಾಡುತ್ತಲೇ ಆಕೆ ಕಾದಂಬರಿ ಬರೆದು ಮನೆ ನಡೆಸಿದಳು. ಬೆಳಗಿನ ಜಾವ ನಾಲ್ಕಕ್ಕೆ ಮೇಜಿನ ಮುಂದೆ ಕುಳಿತು, ಲೋಕ ಎಚ್ಚರಗೊಳ್ಳುವ ಮೊದಲೇ ದಿನದ ಬರೆಹವನ್ನು ಮುಗಿಸುವುದು ಆಕೆಯ ರೂಢಿಯಾಗಿತ್ತು. ಸ್ಫೂರ್ತಿಗಾಗಿ ಕಾದು ಕುಳಿತುಕೊಳ್ಳುವ ಸೌಲಭ್ಯ ಆ ಮನೆಯಲ್ಲಿರಲಿಲ್ಲ.

ಮಗನು ಮೊದಲ ಕಾದಂಬರಿಯನ್ನು ಐರ್ಲೆಂಡಿನಲ್ಲಿ 1843ರಲ್ಲಿ ಆರಂಭಿಸಿದ. ಅದು ಅಚ್ಚಾದದ್ದು 1847ರಲ್ಲಿ; ಯಾರೂ ಓದಲಿಲ್ಲ. ಎರಡನೆಯದೂ ಮೂರನೆಯದೂ ಸೋತುವು. 1855ರಲ್ಲಿ ಬಂದ ನಾಲ್ಕನೆಯದು ‘ದಿ ವಾರ್ಡನ್’. ಆ ವರ್ಷದ ಕೊನೆಗೆ ಅದರಿಂದ ಅವನ ಕೈಸೇರಿದ್ದು 9 ಪೌಂಡು 8 ಷಿಲಿಂಗು 8 ಪೆನ್ಸು. ಬರೆಹದಿಂದ ತಾನು ನಿಜವಾಗಿ ದುಡಿದ ಮೊದಲ ಹಣವೆಂದು ಅವನು ಲೆಕ್ಕವಿಟ್ಟದ್ದು ಇದನ್ನೇ. ಹನ್ನೆರಡು ವರ್ಷ! ಕಚೇರಿಯಲ್ಲಿ ತಪ್ಪಿದರೆ ಕೇಳುವ ಮೇಲಧಿಕಾರಿಯಿರುತ್ತಾನೆ. ಬರೆಯದಿದ್ದರೆ ಕೇಳುವವರು ಯಾರು? ಸ್ವತಂತ್ರವಾದ ಸೃಷ್ಟಿಕಾರ್ಯದ ನಿಜವಾದ ಕಷ್ಟ ಇದು. ಅದನ್ನು ನಾವು ಕೈಬಿಟ್ಟರೆ ಲೋಕಕ್ಕೆ ಅದರ ಅರಿವೂ ಆಗದು.

ಟ್ರಾಲಪ್ ಈ ಕಷ್ಟಕ್ಕೆ ಕಂಡುಕೊಂಡ ಪರಿಹಾರ ಅಂಚೆ ಇಲಾಖೆಯವನಿಗೆ ತಕ್ಕುದಾಗಿಯೇ ಇದೆ. ತನ್ನ ಮೇಲೆ ತಾನೇ ಒಂದು ದಫ್ತರವನ್ನಿಟ್ಟ. ಕಾದಂಬರಿ ಆರಂಭಿಸಿದೊಡನೆ ಒಂದು ದಿನಚರಿ ಪುಸ್ತಕವನ್ನು ವಾರವಾರವಾಗಿ ಗೆರೆಯೆಳೆದು, ದಿನಕ್ಕೆಷ್ಟು ಪುಟವಾಯಿತೆಂದು ಬರೆದಿಡುವುದು. ಪುಟವೆಂದರೆ 250 ಪದ. ವಾರಕ್ಕೆ ಸರಾಸರಿ 40 ಪುಟ; ಕೆಲವೊಮ್ಮೆ 20ಕ್ಕೆ ಇಳಿದದ್ದುಂಟು, 112ಕ್ಕೆ ಏರಿದ್ದೂ ಉಂಟು. ಇಲಾಖೆಯ ಕೆಲಸಕ್ಕೆ ಊರೂರು ಅಲೆಯುತ್ತಿದ್ದಾಗ ರೈಲಿನಲ್ಲಿಯೇ ಸೀಸದಕಡ್ಡಿಯಿಂದ ಬರೆದ. ಹೆಂಡತಿ ಅದನ್ನು ಪ್ರತಿಮಾಡಿಕೊಟ್ಟಳು. ‘ಬಾರ್‌ಚೆಸ್ಟರ್ ಟವರ್ಸ್’ ಬಹುಪಾಲು ಹುಟ್ಟಿದ್ದು ಹೀಗೆ. ಮುಂದೆ ವಾಲ್ತಂ ಕ್ರಾಸಿನ ಮನೆಯಲ್ಲಿ, ಐದೂವರೆಗೆ ಮೇಜಿನ ಮುಂದಿರುವಂತೆ ತನ್ನನ್ನು ಕಾಫಿ ಕೊಟ್ಟು ಎಬ್ಬಿಸುವುದಕ್ಕೆಂದೇ ಕುದುರೆ ನೋಡಿಕೊಳ್ಳುತ್ತಿದ್ದ ಮುದಿ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರೆಹವನ್ನು ಓದುವುದು — ಇಲ್ಲಿ ರಾಜಶೇಖರ ತಲೆದೂಗುತ್ತಿದ್ದನೇನೋ — ಆಮೇಲೆ ಗಡಿಯಾರವನ್ನು ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುವುದು.

1858ರಲ್ಲಿ ಈಜಿಪ್ಟಿಗೆ ಹೋಗುವಾಗ ಹಡಗಿನಲ್ಲಿ ಹೊಟ್ಟೆ ತೊಳಸಿ ಎದ್ದು ಓಡಬೇಕಾದಾಗಲೂ, ಮರಳಿ ಬಂದು ಅದೇ ಮೇಜಿನಲ್ಲಿ ‘ಡಾಕ್ಟರ್ ಥಾರ್ನ್’ ಮುಂದುವರಿಸಿದ. ಅದು ಮುಗಿದ ಮರುದಿನವೇ ಮುಂದಿನ ಕಾದಂಬರಿಗೆ ಕೈಹಾಕಿದ. 1875ರಲ್ಲಿ ಅವನೊಂದಿಗೆ ಒಂದೇ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದ ಹೆನ್ರಿ ಜೇಮ್ಸ್, ಅಂಥ ಕೆಟ್ಟ ಪ್ರಯಾಣದಲ್ಲಿಯೂ ಈತ ಪ್ರತಿ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದುದನ್ನು ಬೆರಗಿನಿಂದ ದಾಖಲಿಸಿದ್ದಾನೆ. ಇಷ್ಟೊಂದು ಬರೆಯಬಾರದಿತ್ತು ಎಂಬ ಧ್ವನಿಯೂ ಅವನ ವಿಮರ್ಶೆಯಲ್ಲಿದೆ.

ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. 47ರಲ್ಲಿ ಸಪ್ಪೆಯಾದವು ಹಲವಿವೆ. ಒಂದೇ ಬಗೆಯ ಪ್ರಣಯ, ಒಂದೇ ಬಗೆಯ ನರಿಬೇಟೆ ಮತ್ತೆ ಮತ್ತೆ ಬರುತ್ತವೆ. ದಿನಚರಿ ಪುಸ್ತಕ ಕೃತಿ ಹುಟ್ಟುವುದಕ್ಕೆ ಹೊಣೆಯಾಗಬಲ್ಲುದು, ಅದರ ಹಿರಿಮೆಗಲ್ಲ. ಆದರೆ ‘ದಿ ಲಾಸ್ಟ್ ಕ್ರಾನಿಕಲ್ ಆಫ್ ಬಾರ್‌ಸೆಟ್’, ‘ದಿ ವೇ ವಿ ಲಿವ್ ನೌ’ ಎಂಬ ಹಿರಿಯ ಕೃತಿಗಳೂ ಇದೇ ಅಳತೆಗೋಲಿನಿಂದ ಬಂದವು. ಬರೆಯುವ ದಿನ ಇದು ಹಿರಿದು, ಇದು ಸಪ್ಪೆ ಎಂದು ತಿಳಿಯುವಂತಿರಲಿಲ್ಲ. ಸ್ಫೂರ್ತಿಯನ್ನು ಕಾಯುವವನಿಗೆ ಪ್ರತಿಯೊಂದು ದಿನವೂ ಒಂದು ಪರೀಕ್ಷೆ. ನಿತ್ಯ ಬರೆಯುವವನಿಗೆ ಇಂದಿನ ಸೋಲು ಇಂದಿನದಷ್ಟೆ.

ಇನ್ನೊಂದು ಲಾಭವನ್ನು ವಿಮರ್ಶಕರು ಸಾಮಾನ್ಯವಾಗಿ ಎತ್ತುವುದಿಲ್ಲ. ದಿನವೂ ಒಡನಾಡಿದುದರಿಂದ ಪಾತ್ರಗಳು ಅವನಿಗೆ ನೆರೆಹೊರೆಯವರಾದರು. ಬಾರ್‌ಸೆಟ್ ಮಾಲೆಯ ಕಾದಂಬರಿಗಳಲ್ಲಿ ಬಿಷಪ್ಪನ ಗಯ್ಯಾಳಿ ಹೆಂಡತಿ ಶ್ರೀಮತಿ ಪ್ರೌಡಿ ಬೆಳೆದದ್ದು ಹಾಗೆ. ಅಥೀನಿಯಂ ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು ಆಕೆಯ ಕಾಟ ಸಾಕಾಯಿತೆಂದು ಮಾತಾಡಿಕೊಳ್ಳುವುದನ್ನು ಕೇಳಿದ ಟ್ರಾಲಪ್, ಎದ್ದು ನಿಂತು ಆಕೆಯನ್ನು ಕೊಲ್ಲುತ್ತೇನೆಂದು ಮಾತು ಕೊಟ್ಟ, ಕೊಂದ. ಆಮೇಲೆ ಬಹುಕಾಲ ಆಕೆಗಾಗಿ ಹಲುಬಿದ.

ಈ ಲೆಕ್ಕಾಚಾರವನ್ನೆಲ್ಲ, ಬರೆಹದಿಂದ ಬಂದ 68,939 ಪೌಂಡು 17 ಷಿಲಿಂಗು 5 ಪೆನ್ಸಿನ ಸಮೇತ, ಅವನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ. 1883ರಲ್ಲಿ, ಅವನ ಮರಣದ ಮರುವರ್ಷ, ಅದು ಪ್ರಕಟವಾಯಿತು. ಕಲೆಯನ್ನು ಚಮ್ಮಾರಿಕೆಗೆ ಹೋಲಿಸಿದವನನ್ನು ಕ್ಷಮಿಸುವುದು ರಸಿಕರಿಗೆ ಕಷ್ಟವಾಯಿತು; ಅವನ ಕೀರ್ತಿಗೆ ಬಹಳ ಕಾಲ ಮಸುಕು ಕವಿಯಿತು. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅನಕೃ ಅವರನ್ನು ಕುರಿತ ನಮ್ಮ ಮಾತುಗಳಲ್ಲಿಯೂ ಈ ಸಂಶಯ ಆಗಾಗ ಇಣುಕುತ್ತದೆ. ಇತ್ತ ಲಂಡನ್ನಿನಲ್ಲಿ, ಟ್ರಾಲಪ್ ತೀರಿಕೊಂಡ ಮೇಲೆಯೂ ಅವನ ಮೂರು ಕಾದಂಬರಿಗಳು ಪುಸ್ತಕರೂಪದಲ್ಲಿ ಹೊರಬಂದವು. ಅವುಗಳಲ್ಲಿ ಒಂದು ಮಾತ್ರ ಅಪೂರ್ಣವಾಗಿತ್ತು.