ಗುಡುಗುಮೋಡವೂ ವಿಮಾನದ ದಾರಿಯೂ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ರೈತರಿಗೆ ಅಶ್ವಿನಿ, ಭರಣಿ ಮಳೆಗಳ ಗುಡುಗು ಹೊಸದಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲೆಲ್ಲ ಕಾದ ನೆಲದ ಮೇಲಿನ ತೇವದ ಗಾಳಿಯು ವೇಗದಿಂದ ಮೇಲೇರಿ, ಸಂಜೆಯ ಹೊತ್ತಿಗೆ ಗುಡುಗುಮೋಡವಾಗಿ ನಿಲ್ಲುತ್ತದೆ. ಹೊಲಕ್ಕೆ ಹಿತವಾದ ಈ ಮೋಡವೇ ಆಕಾಶಮಾರ್ಗಿಗಳಿಗೆ ಅಪಾಯಕರ. ವೈಮಾನಿಕನು ಅದನ್ನು ತಪ್ಪಿಸಿಕೊಳ್ಳುವ ಬಗೆ ಯಾವುದು, ಅದಕ್ಕೆ ನೆಲದ ಮೇಲಿರುವ ಸಂಚಾರ ನಿಯಂತ್ರಕನ ಸಮ್ಮತಿ ಏಕೆ ಬೇಕು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಪ್ರಯಾಣಿಕ ಜೆಟ್ ವಿಮಾನಗಳು ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರು ಎತ್ತರದಲ್ಲಿ ಹಾರುತ್ತವೆ. ಉಷ್ಣವಲಯದ ಗುಡುಗುಮೋಡದ ಶಿಖರವಾದರೋ 15 ಕಿಲೋಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲುದು. ಆದುದರಿಂದ ಅದರ ಮೇಲೆ ದಾಟುವುದಕ್ಕಿಂತ ಅದನ್ನು ಬಳಸಿ ಹೋಗುವುದೇ ಕ್ಷೇಮ. 1953ರ ಮೇ 2ರಂದು ಕಲ್ಕತ್ತೆಯ ಡಂಡಂ ನಿಲ್ದಾಣದಿಂದ ಹೊರಟ ಕಾಮೆಟ್ ವಿಮಾನವು ಕೆಲವೇ ನಿಮಿಷಗಳಲ್ಲಿ ಬಿರುಗಾಳಿಗೆ ಸಿಲುಕಿ ಆಕಾಶದಲ್ಲಿಯೇ ಮುರಿದುಬಿದ್ದು, 43 ಜನರು ಮಡಿದರು. ಇಂದು ವಿಮಾನದ ಮೂತಿಯಲ್ಲಿರುವ ರೇಡಾರ್ ಯಂತ್ರವು ಮುಂದಿನ ಮೋಡದಲ್ಲಿರುವ ನೀರಿನ ಸಾಂದ್ರತೆಯನ್ನು ತೋರಿಸುತ್ತದೆ. ತೀವ್ರವಾದ ಮೋಡದಿಂದ 20 ನಾಟಿಕಲ್ ಮೈಲಿ, ಎಂದರೆ ಸುಮಾರು 37 ಕಿಲೋಮೀಟರು, ದೂರವಿರಬೇಕೆಂಬುದು ವೈಮಾನಿಕರಿಗೆ ವಿಧಿಸಿದ ಎಚ್ಚರಿಕೆ.

ಆದರೆ ಬಳಸುದಾರಿಯಲ್ಲಿ ಬೇರೊಂದು ವಿಮಾನವಿರಬಹುದು. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಜನರು ಸತ್ತರು. ಆ ಪ್ರದೇಶದಲ್ಲಿ ನೆಲದ ನಿಯಂತ್ರಣವಿರಲಿಲ್ಲ. ಪರಸ್ಪರ ಕಂಡು ತಪ್ಪಿಸಿಕೊಳ್ಳುವುದು ವೈಮಾನಿಕರ ಹೊಣೆಯಾಗಿತ್ತು. ಮೇಘಗಳು ದೃಷ್ಟಿಗೆ ಅಡ್ಡವಾಗಿದ್ದಿರಬಹುದೆಂಬುದು ತನಿಖೆಯಲ್ಲಿ ಹೇಳಲಾದ ಕಾರಣಗಳಲ್ಲೊಂದು. ಈ ದುರಂತದ ತರುವಾಯ, 1958ರಲ್ಲಿ, ಆ ದೇಶವು ವಿಮಾನ ಸಂಚಾರಕ್ಕೆ ಹೊಸ ಕಾನೂನನ್ನು ರಚಿಸಿತು.

ಈಗಿನ ಕ್ರಮ ಹೀಗಿದೆ. ವೈಮಾನಿಕನು ಯಾವ ಕಡೆಗೆ, ಎಷ್ಟು ಮೈಲಿ ಸರಿಯಬೇಕೆಂಬುದನ್ನು ರೇಡಿಯೋ ಮೂಲಕ ಮುಂಚಿತವಾಗಿ ತಿಳಿಸುತ್ತಾನೆ. ನಿಯಂತ್ರಕನು ಆ ದಿಕ್ಕಿನ ಇತರ ವಿಮಾನಗಳನ್ನೂ ಸೈನ್ಯಕ್ಕೆ ಮೀಸಲಾದ ಆಕಾಶವನ್ನೂ ಗಮನಿಸಿ ಒಪ್ಪಿಗೆ ನೀಡುತ್ತಾನೆ. ಇಲ್ಲವೆ ಬೇರೆ ದಿಕ್ಕನ್ನೋ ಎತ್ತರವನ್ನೋ ಸೂಚಿಸುತ್ತಾನೆ. ಮೋಡದ ಸ್ವರೂಪವು ವೈಮಾನಿಕನಿಗೆ ಹೆಚ್ಚು ಸ್ಪಷ್ಟ. ಇತರ ವಿಮಾನಗಳ ಸ್ಥಾನವು ನಿಯಂತ್ರಕನಿಗೆ ಹೆಚ್ಚು ಸ್ಪಷ್ಟ. ಇಬ್ಬರ ಅರಿವೂ ಕೂಡಿದಾಗಲೇ ದಾರಿ ಪೂರ್ಣವಾಗಿ ಕಾಣುವುದು. ಒಪ್ಪಿಗೆ ದೊರೆಯದೆ ಅಪಾಯ ಸಮೀಪಿಸಿದರೆ ‘ಪ್ಯಾನ್ ಪ್ಯಾನ್’ ಎಂಬ ತುರ್ತುಸೂಚನೆಯನ್ನು ಕೊಟ್ಟು ಆದ್ಯತೆ ಪಡೆಯಬಹುದು.

ಈ ಕ್ರಮಕ್ಕೂ ಮಿತಿಯುಂಟು. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೋ ವಿಮಾನಕ್ಕೆ ಪಠಾಣ್‌ಕೋಟ್ ಬಳಿ ಗುಡುಗುಮೋಡ ಎದುರಾಯಿತು. ಗಡಿಯ ಕಡೆಗೆ ಸರಿಯಲು ಭಾರತದ ನಿಯಂತ್ರಣ ಕೇಂದ್ರವೂ, ತನ್ನ ಆಕಾಶವನ್ನು ಪ್ರವೇಶಿಸಲು ಲಾಹೋರ್ ಕೇಂದ್ರವೂ ಒಪ್ಪಲಿಲ್ಲ. ಆ ವೇಳೆಗೆ ಮೋಡವು ತೀರ ಸಮೀಪಿಸಿದ್ದುದರಿಂದ ಹಿಂದಿರುಗುವ ಯೋಚನೆಯನ್ನು ಬಿಟ್ಟು ವೈಮಾನಿಕರು ಅದನ್ನು ಹೊಕ್ಕರು. ಒಂದು ಹಂತದಲ್ಲಿ ವಿಮಾನವು ನಿಮಿಷಕ್ಕೆ 8,500 ಅಡಿ ವೇಗದಲ್ಲಿ ಇಳಿಯಿತು. ಆಲಿಕಲ್ಲಿನ ಹೊಡೆತಕ್ಕೆ ಮೂತಿ ಜಖಂಗೊಂಡರೂ ಅದು ಶ್ರೀನಗರದಲ್ಲಿ ಸುರಕ್ಷಿತವಾಗಿ ಇಳಿಯಿತು. ಒಳಗಿದ್ದ 220ಕ್ಕೂ ಹೆಚ್ಚು ಜನರಲ್ಲಿ ಯಾರಿಗೂ ಗಾಯವಾಗಲಿಲ್ಲ.

ನೆಲದ ಮೇಲೆ ಎಳೆದ ಗಡಿಗಳು ಆಕಾಶಕ್ಕೂ ಅನ್ವಯಿಸುತ್ತವೆ. ಮೋಡವು ಮಾತ್ರ ಅವನ್ನು ಅರಿಯದು. ಬೆಂಗಳೂರಿನಲ್ಲಿಯೂ ಬೇಸಗೆಯ ಮಳೆಯ ಸಂಜೆಗಳಲ್ಲಿ ಇಳಿಯಬೇಕಾದ ವಿಮಾನಗಳನ್ನು ಚೆನ್ನೈ ಮೊದಲಾದ ಊರುಗಳಿಗೆ ಕಳುಹಿಸುವುದುಂಟು. ಪ್ರಯಾಣಿಕರಿಗೆ ಇದು ಕಾಲಹರಣವೆಂದು ತೋರಬಹುದು. ಆದರೆ 1953ರ ಮತ್ತು 1956ರ ಅನುಭವಗಳನ್ನು ಬಲ್ಲವರು ಅದನ್ನು ವಿವೇಕವೆಂದೇ ಎಣಿಸುವರು.